ಅಮ್ಮ ಅಲ್ಲ, ದೊಡ್ಡಮ್ಮ

ಬೇಕರಿ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಆ ಮನೆಯಲ್ಲಿ ಉಣ್ಣುವವರು ಒಟ್ಟು ಎಷ್ಟು ಜನ ಎಂಬುದೇ ಅವಳಿಗೆ ತಿಳಿಯುತ್ತಿರಲಿಲ್ಲ. ಒಬ್ಬರು ಭಟ್ಟಿಯ ಮುಂದೆ, ಒಬ್ಬರು ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ, ಇನ್ನೊಬ್ಬರು ಸೈಕಲ್ಲಿಗೆ ಬ್ರೆಡ್ಡಿನ ಪೆಟ್ಟಿಗೆ ಕಟ್ಟಿಕೊಂಡು ಬೀದಿಬೀದಿ ಸುತ್ತಲು ಹೋಗಿರುತ್ತಿದ್ದರು. ತಟ್ಟೆ ಹಾಕಿದರೆ ಜನ ಇಲ್ಲ, ಜನ ಬಂದರೆ ತಟ್ಟೆ ತೊಳೆದಿಲ್ಲ. ಬಡಿಸಿ ಬಡಿಸಿ ಕೊನೆಗೆ ತಾನು ಉಂಡೆನೋ ಇಲ್ಲವೋ ಎಂದು ಅವಳಿಗೇ ಅನುಮಾನವಾಗುತ್ತಿತ್ತು.

ಮುಂದೆ ಅಂಗಡಿ, ನಡುವೆ ಹಿಟ್ಟು ನಾದುವ ಕೋಣೆ ಮತ್ತು ಭಟ್ಟಿ, ಅದರ ಬೆನ್ನಿಗೇ ಮನೆ. ಭಟ್ಟಿಯ ಹಿಂಗೋಡೆಯೇ ಅವಳ ಕೋಣೆಯ ಗೋಡೆ. ನಸುಕಿಗೆ ಮೊದಲೇ ಎದ್ದು ಬೆಂಕಿ ಹಾಕುವವನು ಅವಳ ಗಂಡ, ಮನೆಯ ಹಿರಿಮಗ. ಹಾಗಾಗಿ ಆ ಕೋಣೆ ಹಿರಿಯ ಜೋಡಿಗೆ ಬಂದಿತ್ತು. ಚಳಿಯಲ್ಲಿ ಮನೆಯವರೆಲ್ಲ ಯಾವುದಾದರೂ ನೆಪ ಮಾಡಿಕೊಂಡು ಬಂದು ಆ ಗೋಡೆಗೆ ಒರಗಿ ಕೂರುತ್ತಿದ್ದರು. ಬೇಸಿಗೆ ಬಂತೆಂದರೆ ಒಬ್ಬರೂ ಅತ್ತ ತಲೆ ಹಾಕುತ್ತಿರಲಿಲ್ಲ. ಗಂಡ ಮಿತಭಾಷಿ. ಮಾತಾಡಿದರೆ ಎಲ್ಲಿ ಹಿಟ್ಟು ಕುಸಿದೀತೋ ಎನ್ನುವ ಹಾಗೆ ಇರುತ್ತಿದ್ದ. ಅಂಗಡಿಗೆ ಬರುವವರು ಅವನನ್ನು ಮೌನಿ ಎಂದೇ ಕರೆಯುತ್ತಿದ್ದರು.

ಅವಳು ಕೆಲಸಕ್ಕೆ ಅಂಜಿದವಳಲ್ಲ. ಅಚ್ಚಿಗೆ ಎಣ್ಣೆ ಸವರುವುದು, ಒಣಗಿದ ರಸ್ಕನ್ನು ಮುರಿಯದಂತೆ ಪೊಟ್ಟಣ ಕಟ್ಟುವುದು, ಮೈದಾ ಮೆತ್ತಿದ ಬಟ್ಟೆಗಳನ್ನು ಬಿಸಿನೀರಲ್ಲಿ ನೆನೆಹಾಕಿ ಒಗೆಯುವುದು ಎಲ್ಲವನ್ನೂ ಬೇಗ ಕಲಿತಳು. ಅತ್ತೆ ಹೊಗಳಲಿಲ್ಲ, ಬೈಯಲೂ ಇಲ್ಲ. ಅತ್ತೆ ಏರುದನಿಯಲ್ಲಿ ಮಾತಾಡಿದ್ದನ್ನು ಆ ಬೀದಿಯಲ್ಲಿ ಯಾರೂ ಕೇಳಿದವರಲ್ಲ. ಅದರ ಅಗತ್ಯವೂ ಅವರಿಗಿರಲಿಲ್ಲ. ಮಾವನಿಗೆ ಅಂಗಡಿ, ಅತ್ತೆಗೆ ಮನೆ. ಮನೆಯೊಳಗಿನ ತೀರ್ಮಾನ ಅತ್ತೆಯ ಬಾಯಿಂದ ಒಮ್ಮೆ ಬಿತ್ತೆಂದರೆ ಮುಗಿಯಿತು.

ವರ್ಷಗಳು ಕಳೆದವು, ಅವಳಿಗೆ ಮಕ್ಕಳಾಗಲಿಲ್ಲ. ಆಸ್ಪತ್ರೆಗೆ ಅಲೆದದ್ದಾಯಿತು, ಮಾತ್ರೆ ನುಂಗಿದ್ದಾಯಿತು. ಈ ಬಗ್ಗೆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಒಂದು ಮಾತಾಡಲಿಲ್ಲ. ಆದರೆ ನೆಂಟರ ಮನೆಯ ಹಸುಗೂಸು ಬಂದಾಗ ಅದನ್ನು ಕೈಯಿಂದ ಕೈಗೆ ದಾಟಿಸುತ್ತ ಬರುತ್ತಿದ್ದ ಅತ್ತೆ, ಅವಳ ಬಳಿ ಬಂದಾಗ ಮಾತ್ರ ಬೇರೇನನ್ನೋ ನೆನಪಿಸಿಕೊಂಡವರಂತೆ ಅವಳನ್ನು ದಾಟಿ ಆಚೆಯವರ ಕೈಗೆ ಕೊಡುತ್ತಿದ್ದರು. ಅವಳು ಚಾಚಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಕೂದಲು ಸರಿಮಾಡಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಮೈದುನನಿಗೆ ಮದುವೆಯಾಗಿ ಓರಗಿತ್ತಿ ಬಂದಳು. ಬಾಯಿ ತುಂಬ ಅಕ್ಕಾ ಅಕ್ಕಾ ಎನ್ನುವ ಹುಡುಗಿ. ವರ್ಷದೊಳಗೆ ಒಂದು ಗಂಡುಮಗು. ಅದು ಸರಿಯಾಗಿ ನಡೆಯಲು ಕಲಿಯುವ ಮೊದಲೇ ಇನ್ನೊಂದು. ಎರಡನೆಯ ಹೆರಿಗೆ ಅವಳನ್ನು ಹಿಂಡಿಹಾಕಿತು. ಜ್ವರ ಬಿಡಲಿಲ್ಲ, ಹಾಲು ಬರಲಿಲ್ಲ, ಹಿರಿಯದು ಕಾಲಿಗೆ ಜೋತುಬಿದ್ದು ಅಳುತ್ತಿತ್ತು. ಒಂದು ಬೆಳಗ್ಗೆ ಅತ್ತೆ ಕೂಸನ್ನು ಎತ್ತಿಕೊಂಡು ಬಂದು, ರಸ್ಕು ಕಟ್ಟುತ್ತ ನೆಲದಲ್ಲಿ ಕೂತಿದ್ದ ಹಿರಿಸೊಸೆಯ ಮಡಿಲಿಗೆ ಹಾಕಿದರು.

"ತಗೋ, ಇವನು ನಿನ್ನವನು. ಇನ್ಮೇಲೆ ಈ ವಿಷಯಕ್ಕೆ ಯಾರೂ ಎರಡು ಮಾತಾಡೋ ಹಾಗಿಲ್ಲ" ಎಂದರು.

ಮಾವ ಇದ್ದರು, ಮೈದುನ ಇದ್ದ. ಒಳಗೆ ಮಲಗಿದ್ದ ಓರಗಿತ್ತಿಯನ್ನೂ ಕೇಳಿದರು. ಅವಳು ಗೋಡೆಯ ಕಡೆ ಮುಖ ಮಾಡಿಕೊಂಡೇ ಆಗಲಿ ಎಂದಳು. ಹಿರಿಸೊಸೆ ಕೈಯಲ್ಲಿದ್ದ ರಸ್ಕನ್ನು ಎಲ್ಲಿಟ್ಟಳೋ ಅವಳಿಗೇ ಗೊತ್ತಾಗಲಿಲ್ಲ. ಕೂಸಿನ ಹಣೆಗೆ ಹಿಟ್ಟು ಮೆತ್ತಿಕೊಂಡಿತ್ತು. ಅದನ್ನು ಒರೆಸಬೇಕೋ ಬೇಡವೋ, ಮುಟ್ಟಿದರೆ ಯಾರಾದರೂ ಏನಾದರೂ ಅಂದಾರೋ ಎಂದು ಹೆದರಿ ಸುಮ್ಮನೆ ನೋಡುತ್ತ ಕೂತಳು. ಆಮೇಲೆ ಒರೆಸಿದಳು. ಯಾರೂ ಏನೂ ಅನ್ನಲಿಲ್ಲ.

ಬಾಟಲಿ ಹಾಲಿನಲ್ಲೇ ಕೂಸು ದುಂಡಗಾಯಿತು. ಭಟ್ಟಿಯಿಂದ ಆಗಷ್ಟೇ ತೆಗೆದ ಬನ್ನಿನ ಹಾಗಿದಾನೆ ಎಂದು ಮಾವ ಬನ್ನು ಎಂದು ಕರೆದರು, ಆ ಹೆಸರೇ ನಿಂತಿತು. ಬನ್ನು ಅವಳ ಕೋಣೆಯಲ್ಲಿ, ಆ ಬಿಸಿಗೋಡೆಯ ಪಕ್ಕದಲ್ಲಿ ಬೆಳೆದ. ಮಲಗುವಾಗ ಅವಳ ಕಿವಿಯ ಹಾಲೆ ಹಿಡಿದುಕೊಳ್ಳದಿದ್ದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಹಿಡಿದು ಹಿಡಿದು ಅವಳ ಎಡಗಿವಿ ಕೆಂಪಗಾಗಿ ಊದಿರುತ್ತಿತ್ತು. ಮಾತು ಬಂದಾಗ ಅವಳನ್ನು ಅಮ್ಮ ಎಂದ, ಓರಗಿತ್ತಿಯನ್ನು ಚಿಕ್ಕಮ್ಮ ಎಂದ. ಮೌನಿಯೂ ಮಗನೊಂದಿಗೆ ಮಾತಿಗೆ ಬಿದ್ದ. ಅಪ್ಪ ನಾದುತ್ತಿದ್ದರೆ ಮಗ ಪಕ್ಕದಲ್ಲಿ ಕೂತು ಒಂದು ಉಂಡೆ ಹಿಟ್ಟನ್ನು ಕಪ್ಪಗಾಗುವವರೆಗೆ ಹಿಸುಕುತ್ತಿದ್ದ. ಅದನ್ನೂ ಅಪ್ಪ ಬೇಯಿಸಿಕೊಡಬೇಕು. ಬೆಂದ ಆ ಕಲ್ಲನ್ನು ಅಮ್ಮ ತಿಂದು ತುಂಬ ಚೆನ್ನಾಗಿದೆ ಎನ್ನಬೇಕು. ಅವಳು ತಿನ್ನುತ್ತಿದ್ದಳು. ಆ ಮನೆಯಲ್ಲಿ ಅವಳು ಮನಸ್ಸಿಟ್ಟು ನಕ್ಕ ವರ್ಷಗಳೆಂದರೆ ಅವೇ.

ಬನ್ನುವಿಗೆ ನಾಲ್ಕು ತುಂಬುವ ಹೊತ್ತಿಗೆ ಅವನ ಅಣ್ಣನಿಗೆ, ಅಂದರೆ ಓರಗಿತ್ತಿಯ ಹಿರಿಮಗನಿಗೆ, ಜ್ವರ ಬಂತು. ಮೊದಲು ಮಾಮೂಲಿ ಜ್ವರವೆಂದರು. ಆಮೇಲೆ ತಲೆಗೇರಿದೆ ಎಂದರು. ಆಸ್ಪತ್ರೆಯಲ್ಲಿ ಹಗಲು ತಾಯಿ ಕೂತರೆ ರಾತ್ರಿ ದೊಡ್ಡಮ್ಮ ಕೂರುತ್ತಿದ್ದಳು. ಹುಡುಗ ಉಳಿಯಲಿಲ್ಲ.

ಮನೆಗೆ ತಂದು ಮಲಗಿಸಿದಾಗ ಎಲ್ಲರೂ ಸುತ್ತ ಕೂತು ಅಳುತ್ತಿದ್ದರು. ಅವಳಿಗೂ ಅಳು ಉಕ್ಕುತ್ತಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ಹೆದರಿಕೆ. ಬನ್ನುವನ್ನು ಎತ್ತಿಕೊಂಡು, ಯಾರೋ ಕಿತ್ತುಕೊಳ್ಳುತ್ತಾರೇನೋ ಎನ್ನುವಂತೆ ಎದೆಗವಚಿ ಬಾಗಿಲ ಬಳಿ ನಿಂತಿದ್ದಳು. ಓರಗಿತ್ತಿ ಒಮ್ಮೆ ತಲೆ ಎತ್ತಿ ನೋಡಿದಳು. ಅವಳ ಕಣ್ಣು ಬನ್ನುವಿನ ಮೇಲೆ ನಿಂತಿತು, ಆಮೇಲೆ ಅವನನ್ನು ಬಳಸಿದ್ದ ಕೈಗಳ ಮೇಲೆ. ಆ ನೋಟ ಏನು ಹೇಳಿತೆಂದು ಹಿರಿಸೊಸೆಗೆ ಆಗಲೇ ಅರ್ಥವಾಯಿತು.

ಕಾರ್ಯಗಳೆಲ್ಲ ಮುಗಿದವು. ಮತ್ತೆ ಭಟ್ಟಿ ಹಚ್ಚಿದರು. ಓರಗಿತ್ತಿ ಮಾತ್ರ ಏಳಲಿಲ್ಲ. ತಲೆ ಬಾಚುತ್ತಿರಲಿಲ್ಲ, ತಟ್ಟೆ ಮುಂದಿಟ್ಟರೆ ತಟ್ಟೆಯನ್ನೇ ನೋಡುತ್ತ ಕೂತಿರುತ್ತಿದ್ದಳು. ಬನ್ನು ಎದುರಿಗೆ ಹಾದುಹೋದರೆ ಮಾತ್ರ ಅವಳ ಮುಖದಲ್ಲಿ ಏನೋ ಅಲುಗುತ್ತಿತ್ತು. ಅತ್ತೆ ಇದನ್ನು ಗಮನಿಸಿದರು. ಒಂದು ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದಿದ್ದ ಹೊತ್ತಿನಲ್ಲಿ ಹಿರಿಸೊಸೆಯನ್ನು ಅಡುಗೆಮನೆಗೆ ಕರೆದರು. ಮೌನಿ ಬಾಗಿಲಿಗೆ ಒರಗಿ ನಿಂತಿದ್ದ. ಮೈದುನ ತಲೆ ತಗ್ಗಿಸಿ ಕೂತಿದ್ದ.

"ಮಗೂನ ಅವಳ ಹತ್ರ ಬಿಡು" ಎಂದರು ಅತ್ತೆ. "ಅವಳು ಹೀಗೇ ಕೂತ್ರೆ ಉಳಿಯಲ್ಲ."

"ಸ್ವಲ್ಪ ದಿನಕ್ಕಾ ಅತ್ತೆ?"

"ಸ್ವಲ್ಪ ದಿನಕ್ಕೆ ಅಂತ ಕೊಟ್ಟು ಮತ್ತೆ ಕಿತ್ಕೊಳ್ಳೋಕಾಗುತ್ತಾ? ಅದು ಯಾರಿಗೂ ಒಳ್ಳೇದಲ್ಲ."

ಅವಳಿಗೆ ತನ್ನ ಕಿವಿಯನ್ನು ನಂಬಲಾಗಲಿಲ್ಲ. "ನನಗೆ ಕೊಟ್ಟಿದ್ರಲ್ಲ" ಎಂದಳು.

"ಕೊಟ್ಟಾಗ ಅವಳ ಹತ್ರ ಇನ್ನೊಂದಿತ್ತು. ಈಗ ಅವಳ ಮಡಿಲು ಖಾಲಿ. ಅವಳ ಕೈಲಿ ತಡಕೊಳ್ಳೋಕಾಗ್ತಿಲ್ಲ." ಅತ್ತೆ ಮೆತ್ತಗೆ, ಸಮಾಧಾನ ಹೇಳುವ ದನಿಯಲ್ಲೇ ಹೇಳಿದರು: "ನಿನಗಾದ್ರೆ ಅಭ್ಯಾಸ ಇದೆ."

ಮುಂದಿನ ವರ್ಷ ಹುಡುಗ ಶಾಲೆಗೆ ಹೋಗುತ್ತಾನೆ, ಈಗಲೇ ಆದರೆ ಮಗು ಮರೆಯುತ್ತದೆ, ಬುದ್ಧಿ ಬಲಿತ ಮೇಲೆ ಕಷ್ಟ ಎಂದೂ ಅತ್ತೆ ಹೇಳಿದರು. ಎಲ್ಲವನ್ನೂ ಯೋಚಿಸಿಯೇ ಕರೆದಿದ್ದರು. ಅವಳು ಗಂಡನ ಮುಖ ನೋಡಿದಳು. ಅವನು ಉಗುರಿನ ಸಂದಿಯಲ್ಲಿ ಒಣಗಿದ್ದ ಹಿಟ್ಟನ್ನು ಕೆರೆಯುತ್ತಿದ್ದ.

ಕೋಣೆಗೆ ಬಂದ ಮೇಲೆ, ನೀವೊಂದು ಮಾತು ಹೇಳಬಹುದಿತ್ತು ಎಂದಳು. ಹೇಳಿದ್ದರೆ ಮನೆ ಎರಡಾಗುತ್ತಿತ್ತು ಎಂದ ಅವನು. ಹುಡುಗನೇನು ಊರು ಬಿಟ್ಟು ಹೋಗುತ್ತಿಲ್ಲ, ಈ ಕೋಣೆಯಿಂದ ಆ ಕೋಣೆಗೆ ಹೋಗುತ್ತಾನೆ, ದಿನಾ ಕಣ್ಣೆದುರಿಗೇ ಇರುತ್ತಾನೆ ಎಂದ. ಕಣ್ಣೆದುರಿಗೆ ಇರುವುದೇ ಶಿಕ್ಷೆ ಎಂಬುದು ಅವನಿಗೆ ಹೊಳೆಯಲಿಲ್ಲ.

ಹುಡುಗನ ಹಾಸಿಗೆ, ಬಟ್ಟೆ, ಹಲ್ಲುಜ್ಜುವ ಬ್ರಷ್ಷು ಎಲ್ಲ ಆಚೆಯ ಕೋಣೆಗೆ ಹೋದವು. ಮೊದಮೊದಲು ಅವನು ಓಡಿ ಓಡಿ ಬರುತ್ತಿದ್ದ. ಮಧ್ಯಾಹ್ನ ಮಲಗುವ ಹೊತ್ತಿಗೆ ಬಂದು ಮುಚ್ಚಿದ ಬಾಗಿಲು ತಟ್ಟುತ್ತಿದ್ದ. ತೆಗೆಯಬಾರದೆಂದು ಅತ್ತೆಯ ಕಟ್ಟಪ್ಪಣೆ. ಅವಳು ಬಾಗಿಲಿನ ಒಳಗಡೆ ಬೆನ್ನು ಕೊಟ್ಟು ಕೂತಿರುತ್ತಿದ್ದಳು. ಅಳುವ ಹುಡುಗನನ್ನು ಯಾರೋ ಎತ್ತಿಕೊಂಡು ಹೋಗುವ ಸದ್ದು ಕೇಳುತ್ತಿತ್ತು. ಊಟಕ್ಕೆ ಕೂತಾಗ ಅವನು ಅಮ್ಮಾ, ನೀರು ಎಂದರೆ ಇಬ್ಬರು ಹೆಂಗಸರ ಕೈಯೂ ಒಟ್ಟಿಗೆ ಚೊಂಬಿಗೆ ಹೋಗುತ್ತಿತ್ತು.

"ಅಮ್ಮ ಅಲ್ಲ ಪುಟ್ಟಾ, ದೊಡ್ಡಮ್ಮ" ಎಂದು ಅತ್ತೆ ತಿದ್ದುತ್ತಿದ್ದರು. "ಅಮ್ಮ ಅಂದ್ರೆ ಇವಳು."

ಬೈಯಲಿಲ್ಲ, ಹೊಡೆಯಲಿಲ್ಲ. ಮಗ್ಗಿ ಕಲಿಸುವ ಹಾಗೆ ಕಲಿಸಿದರು. ಮಾವ ಕಲಿಸಿದರು, ಮೈದುನ ಕಲಿಸಿದ, ಬ್ರೆಡ್ಡು ಕೊಳ್ಳಲು ಬಂದ ನೆರೆಮನೆಯವರೂ ಕೈಲಾದಷ್ಟು ಕಲಿಸಿದರು. ಹುಡುಗ ಗೊಂದಲಕ್ಕೆ ಬಿದ್ದು ಒಂದು ಉಪಾಯ ಮಾಡಿಕೊಂಡ. ಅವಳನ್ನು ಏನೆಂದೂ ಕರೆಯುವುದನ್ನು ಬಿಟ್ಟ. ಬೇಕಾದ್ದಿದ್ದರೆ ಬಂದು ಎದುರಿಗೆ ನಿಲ್ಲುತ್ತಿದ್ದ, ಅವಳು ನೋಡುವವರೆಗೆ ನಿಂತೇ ಇರುತ್ತಿದ್ದ.

ಓರಗಿತ್ತಿ ನಿಧಾನವಾಗಿ ಎದ್ದು ಓಡಾಡತೊಡಗಿದಳು. ತೀರಿಹೋದ ಮಗನ ಅಂಗಿಗಳನ್ನು ಪೆಟ್ಟಿಗೆಯಿಂದ ತೆಗೆದು ಬನ್ನುವಿಗೆ ಹಾಕಲಾರಂಭಿಸಿದಳು. ತೋಳು ಉದ್ದವಾಗಿ ಬೆರಳು ಮುಚ್ಚುತ್ತಿದ್ದವು. ಅಣ್ಣ ಬಾಚುತ್ತಿದ್ದ ಹಾಗೇ ಬೈತಲೆ, ಅಣ್ಣನ ತಟ್ಟೆ, ಅಣ್ಣ ಕೂರುತ್ತಿದ್ದ ಜಾಗ. ಒಂದು ದಿನ ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದಾಗ ಹಿರಿಸೊಸೆಗೆ ತಡೆಯಲಾಗಲಿಲ್ಲ.

"ಅವನಿಗೆ ಅವನ ಬಟ್ಟೇನೇ ಹಾಕು. ಅದನ್ನ ಹಾಕ್ಬೇಡ ಕಣೇ" ಎಂದಳು.

ಓರಗಿತ್ತಿ ಒದ್ದೆ ಅಂಗಿಯನ್ನು ಜಾಡಿಸಿದಳು. "ನನ್ನ ಮಗನಿಗೆ ಏನು ಹಾಕ್ಬೇಕು ಅಂತ ನನಗೆ ಗೊತ್ತು ಅಕ್ಕ."

ಆ ಅಕ್ಕ ಎಂಬ ಮಾತಿನಲ್ಲಿ ಮೊದಲಿನ ಹುಡುಗಿ ಇರಲಿಲ್ಲ. ತನ್ನಂತೆಯೇ ಅವಳೂ ಹೆದರಿದ್ದಾಳೆ, ಇನ್ನೊಮ್ಮೆ ಕಳೆದುಕೊಂಡರೆ ಎಂದು ಬಿಗಿಹಿಡಿದಿದ್ದಾಳೆ ಎಂದು ಹಿರಿಸೊಸೆಗೆ ಹೊಳೆಯಿತು. ಹೊಳೆದು ಮನಸ್ಸೇನೂ ಹಗುರಾಗಲಿಲ್ಲ. ದ್ವೇಷಿಸಲು ಒಬ್ಬಳಾದರೂ ಇದ್ದಳಲ್ಲ, ಅದೂ ಕೈತಪ್ಪಿದಂತಾಯಿತು.

ಅವಳು ಗಂಟುಮೂಟೆ ಕಟ್ಟಿಕೊಂಡು ಅಣ್ಣನ ಮನೆಗೆ ಹೋದಳು. ಗಂಡ ಬಂದು ಕರೆಯುತ್ತಾನೆ, ಆಗ ಬೇರೆ ಮನೆ ಮಾಡೋಣ, ಮಗನನ್ನು ಕರೆದುಕೊಂಡು ಬನ್ನಿ ಎಂದು ಹೇಳಬೇಕೆಂದುಕೊಂಡಿದ್ದಳು. ಮಾತುಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದಳು. ಅವನು ಬರಲಿಲ್ಲ. ಭಟ್ಟಿ ಬಿಟ್ಟು ಬರಲಾಗುವುದಿಲ್ಲ ಎಂದು ಯಾರ ಕೈಯಲ್ಲೋ ಹೇಳಿಕಳಿಸಿದ. ಮೊದಲು ಮುಖ ತುಂಬ ನಗುತ್ತಿದ್ದ ಅತ್ತಿಗೆ, ಬರಬರುತ್ತ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡತೊಡಗಿದಳು. ಕೊನೆಗೆ ಯಾರೂ ಕರೆಯದೆ ಅವಳೇ ಬಸ್ಸು ಹತ್ತಿ ಮರಳಿ ಬಂದಳು.

ಬೀದಿಯಲ್ಲಿ ಆಡುತ್ತಿದ್ದ ಬನ್ನು ಅವಳನ್ನು ಮೊದಲು ಕಂಡ. ಅಂಗಡಿಯ ಕಡೆ ತಿರುಗಿ ಗಂಟಲು ತೆಗೆದು ಕೂಗಿದ.

"ಅಮ್ಮಾ, ದೊಡ್ಡಮ್ಮ ಬಂದ್ರು."

ಎಲ್ಲೂ ತಡವರಿಸಲಿಲ್ಲ. ಹುಟ್ಟಿದಾಗಿನಿಂದ ಹಾಗೇ ಕರೆಯುತ್ತಿದ್ದವನಂತೆ ಕೂಗಿದ. ಮನೆಯವರೆಲ್ಲ ಸೇರಿ ತಿಂಗಳುಗಟ್ಟಲೆ ತಿದ್ದಿ ಮಾಡಲಾಗದ್ದನ್ನು ಅವಳು ಮನೆ ಬಿಟ್ಟು ಹೋಗಿ ತಾನೇ ಪೂರೈಸಿಕೊಟ್ಟಿದ್ದಳು. ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಒಳಗೆ ಹೋದಳು. ಮಾರನೆಯ ದಿನದಿಂದ ಮತ್ತೆ ಅಚ್ಚಿಗೆ ಎಣ್ಣೆ ಸವರತೊಡಗಿದಳು.

ಆಮೇಲಿನ ವರ್ಷಗಳಲ್ಲಿ ಹೇಳುವಂಥದ್ದು ಹೆಚ್ಚೇನೂ ಇಲ್ಲ. ಒಂದೇ ಸೂರಿನಡಿ ಅವಳು ದೊಡ್ಡಮ್ಮಂದಿರು ಮಾಡುವ ಕೆಲಸಗಳನ್ನೆಲ್ಲ ಮಾಡಿದಳು. ಡಬ್ಬಿಗೆ ಹಾಕಿಕೊಟ್ಟಳು, ಗುಂಡಿ ಹೊಲಿದುಕೊಟ್ಟಳು, ಪರೀಕ್ಷೆಗೆ ಹೋಗುವಾಗ ಎಲ್ಲರ ಹಿಂದೆ ನಿಂತು ಒಳ್ಳೆಯದಾಗಲಿ ಎಂದಳು. ಮಾವ ಹೋದರು. ಅತ್ತೆ ಹಾಸಿಗೆ ಹಿಡಿದರು. ಅವರ ಮೈ ಒರೆಸುವುದು, ಮಗ್ಗುಲು ಬದಲಿಸುವುದು ಹಿರಿಸೊಸೆಯ ಪಾಲಿಗೇ ಬಂತು. ಚಿಕ್ಕವಳಿಗೆ ಮಗನ ಓದು, ಮಗನ ಊಟ ಎಂದು ಕೈತುಂಬ ಕೆಲಸ. ಒಂದು ದಿನ ಅತ್ತೆಯ ಕಾಲುಗುರು ಕತ್ತರಿಸುತ್ತ ಅವಳು ಕೇಳಿಯೇಬಿಟ್ಟಳು.

"ಅವತ್ತು ನೀವು ಮಾಡಿದ್ದು ಸರಿನಾ ಅತ್ತೆ?"

"ಯಾವತ್ತು?" ಎಂದರು ಅತ್ತೆ.

ನಿಜವಾಗಿ ಮರೆತಿದ್ದರೋ, ಮರೆತವರ ಹಾಗೆ ಮಾಡಿದರೋ. ಅವಳು ಇನ್ನೊಂದು ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಅತ್ತೆ ತೀರಿಕೊಂಡಾಗ ಇಂಥ ಸೊಸೆಯನ್ನು ಪಡೆಯಲು ಪುಣ್ಯ ಮಾಡಿರಬೇಕು ಎಂದು ಬೀದಿಯವರೆಲ್ಲ ಅಂದರು.

ಬನ್ನು ಎತ್ತರಕ್ಕೆ ಬೆಳೆದ, ಹೆಸರಿಗೆ ಹೊಂದದಷ್ಟು ಸಣಕಲಾದ. ಓದು ಮುಗಿಸಿ ಬೇಕರಿಗೇ ಬಂದ. ಕೆಲಸಗಾರ, ಒಳ್ಳೆಯ ಹುಡುಗ. ಅವಳನ್ನು ನೀವು ಎಂದೇ ಮಾತಾಡಿಸುತ್ತಿದ್ದ. ಮದುವೆಯಾಗಿ ಹೆಂಡತಿ ಬಂದ ಮೇಲೆ ಅಂಗಡಿಯನ್ನು ದೊಡ್ಡದು ಮಾಡಲು ಹೊರಟ. ಸೌದೆಯ ಭಟ್ಟಿ ಕೆಡವಿ ಕರೆಂಟಿನದ್ದು ತರಬೇಕು, ಅದರ ಹಿಂದಿನ ಕೋಣೆಯನ್ನೂ ಸೇರಿಸಿಕೊಂಡರೆ ಗಿರಾಕಿಗಳು ಕೂತು ತಿನ್ನಲು ಜಾಗವಾಗುತ್ತದೆ ಎಂದು ಲೆಕ್ಕ ಹಾಕಿದ. ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಮಾತು ತೆಗೆದ. ಮಹಡಿಯ ಮೇಲೆ ಗಾಳಿ ಬೆಳಕಿರುವ ಕೋಣೆ ಮಾಡಿಸಿಕೊಡುತ್ತೇನೆ, ಈ ಸೆಕೆಯಲ್ಲಿ ನೀವಿಬ್ಬರೂ ಯಾಕೆ ಬೇಯಬೇಕು ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ.

ಅವಳು ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟಳು. "ಆ ಕೋಣೇಲಿ ನೀನು ನಾಲ್ಕು ವರ್ಷ ಮಲಗಿದೀಯ, ಗೊತ್ತಾ?"

"ಗೊತ್ತು ದೊಡ್ಡಮ್ಮ" ಎಂದು ಬನ್ನು ನಕ್ಕ. "ಅಮ್ಮನಿಗೆ ಹುಷಾರಿರಲಿಲ್ಲವಂತೆ, ಆಗ ನೀವೇ ಸ್ವಲ್ಪ ದಿನ ನೋಡ್ಕೊಂಡ್ರಂತೆ. ಅಜ್ಜಿ ಹೇಳ್ತಿದ್ರು."

ಸ್ವಲ್ಪ ದಿನ. ಕಥೆಯನ್ನು ಹೀಗೆ ಕತ್ತರಿಸಿ ಹೊಲಿದಿದ್ದಾರೆ ಎಂದು ಅವಳಿಗೆ ಅವತ್ತೇ ಗೊತ್ತಾದದ್ದು. ಮಗುವನ್ನು ತೆಗೆದುಕೊಂಡದ್ದಲ್ಲದೆ, ಕೊಟ್ಟದ್ದನ್ನೂ ಅಳಿಸಿಹಾಕಿದ್ದರು.

"ನೋಡ್ಕೊಂಡಿದ್ದಲ್ಲ" ಎಂದಳು. ದನಿ ಏರಲಿಲ್ಲ. "ನಿನ್ನ ನನಗೆ ಕೊಟ್ಟಿದ್ರು. ನಾನು ನಿನಗೆ ಅಮ್ಮ ಆಗಿದ್ದೆ, ಇವರು ಅಪ್ಪ. ನಿನ್ನಣ್ಣ ಹೋದ ಅಂತ ವಾಪಸ್ ತಗೊಂಡ್ರು. ನಿನಗೆ ಹೇಳಿಕೊಟ್ಟು ಹೇಳಿಕೊಟ್ಟು ಮರೆಸಿದ್ರು."

ಬನ್ನು ತನ್ನ ತಾಯಿಯ ಕಡೆ ತಿರುಗಿದ. ಓರಗಿತ್ತಿಯ ಮುಖ ಬಿಳಿಚಿಕೊಂಡಿತ್ತು. ಅಕ್ಕನಿಗೆ ವಯಸ್ಸಾಯಿತು, ಇದ್ದದ್ದು ಇಲ್ಲದ್ದು ಎಲ್ಲ ಕಲಸಿಕೊಂಡಿದೆ, ನೀನು ಊಟ ಮಾಡು ಎಂದಳು. ಮೈದುನ ಮಜ್ಜಿಗೆ ಬೇಕೆಂದ. ಹುಡುಗನಿಗೆ ತೃಪ್ತಿಯಾಗಲಿಲ್ಲ. ಅವನು ಸುಳ್ಳು ಹೇಳಲಾರದ ಒಬ್ಬ ಮನುಷ್ಯನನ್ನು ಹುಡುಕುವವನಂತೆ ಮೌನಿಯನ್ನು ನೋಡಿದ.

"ಹೌದಾ ದೊಡ್ಡಪ್ಪ?"

ಅವಳೂ ನೋಡಿದಳು. ಒಂದೇ ಒಂದು ಹೌದು ಸಾಕಿತ್ತು. ಅವಳಿಗೆ ಮಗ ಬೇಕಿರಲಿಲ್ಲ, ಕೋಣೆ ಬೇಕಿರಲಿಲ್ಲ. ಅದು ನಡೆದಿತ್ತು ಎನ್ನುವ ಒಬ್ಬ ಸಾಕ್ಷಿ ಬೇಕಿತ್ತು.

ಮೌನಿ ಅನ್ನವನ್ನು ಬೆರಳಿನಲ್ಲಿ ಒಟ್ಟು ಮಾಡಿದ, ಮತ್ತೆ ಹರಡಿದ.

"ಹಳೇ ಮಾತು ಈಗ್ಯಾಕೆ" ಎಂದ.

ಅಲ್ಲಿಗೆ ಮುಗಿಯಿತು. ಬನ್ನು ಮತ್ತೆ ಕೇಳಲಿಲ್ಲ. ಅವನು ಅವಳನ್ನು ನಂಬಿದನೋ ಇಲ್ಲವೋ ಯಾರಿಗೂ ತಿಳಿಯದು. ಅವತ್ತಿನಿಂದ ಅವಳ ಎದುರಿಗೆ ಬಂದಾಗ ಮುಜುಗರದಿಂದ ಫೋನು ತೆಗೆದು ನೋಡುವುದನ್ನು ರೂಢಿಸಿಕೊಂಡ. ಹುಚ್ಚಿಯೆಂದುಕೊಂಡು ಕನಿಕರಪಟ್ಟನೋ, ನಿಜವೆಂದು ತಿಳಿದು ಏನು ಮಾಡಬೇಕೆಂದು ತೋಚದೆ ಹೋದನೋ. ಎರಡಕ್ಕೂ ಅವನು ಮಾಡುತ್ತಿದ್ದದ್ದು ಒಂದೇ. ಹೆಂಡತಿಯ ಕೈಯಲ್ಲಿ ಹಣ್ಣು ಕಳಿಸುತ್ತಿದ್ದ.

ಭಟ್ಟಿ ಕೆಡವಿದರು, ಗೋಡೆಯೂ ಬಿತ್ತು. ಮಹಡಿಯ ಕೋಣೆ ನಿಜವಾಗಿಯೂ ಚೆನ್ನಾಗಿತ್ತು. ಎರಡು ಕಿಟಕಿ, ತಣ್ಣನೆಯ ನೆಲ. ಆ ಕೋಣೆಯಲ್ಲಿ ಅವಳು ಗಂಡನೊಂದಿಗೆ ಮಾತು ಬಿಟ್ಟಳು. ಊಟ ಬಡಿಸುತ್ತಾಳೆ, ಬಟ್ಟೆ ಮಡಿಸಿಡುತ್ತಾಳೆ, ಜ್ವರ ಬಂದರೆ ಮಾತ್ರೆ ತೆಗೆದು ನೀರಿನ ಲೋಟದ ಪಕ್ಕದಲ್ಲಿಡುತ್ತಾಳೆ. ಮಾತಿಲ್ಲ. ಭಟ್ಟಿಯಿಲ್ಲದೆ ಕೆಲಸವಿಲ್ಲದೆ ಹೋದ ಮೌನಿಗೆ ಈಗ ಮಾತಾಡುವ ಆಸೆ. ಹಳೆಯದನ್ನೆಲ್ಲ ಎತ್ತುತ್ತಾನೆ, ಆ ಹಿಟ್ಟಿನ ಕಲ್ಲನ್ನು ನೀನು ತಿಂದೆಯಲ್ಲ ಎಂದು ಒಮ್ಮೆ ನಗಿಸಲೂ ನೋಡಿದ. ಅವಳು ಎದ್ದು ಕಿಟಕಿಯ ಬಳಿ ಹೋಗಿ ಒಣಗಿದ ಬಟ್ಟೆ ತೆಗೆದಳು.

ಬನ್ನುವಿಗೆ ಹೆಣ್ಣುಮಗುವಾಯಿತು. ಬಾಣಂತನ ಮುಗಿದು ಅವನ ಹೆಂಡತಿ ಮತ್ತೆ ಅಂಗಡಿಯಲ್ಲಿ ನಿಲ್ಲತೊಡಗಿದಳು. ಒಂದು ಮಧ್ಯಾಹ್ನ ಕೆಳಗೆ ಗಿರಾಕಿಗಳ ಗದ್ದಲ. ಆ ಹುಡುಗಿ ಮಗುವನ್ನು ಎತ್ತಿಕೊಂಡು ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದಳು. ದೊಡ್ಡತ್ತೆ ನೆಲದಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆದು ಮುರಿಯುತ್ತಿದ್ದಳು.

"ಅತ್ತೆ ಡಾಕ್ಟರ ಹತ್ರ ಹೋಗಿದಾರೆ. ಒಂದರ್ಧ ಗಂಟೆ ಇವಳನ್ನ ಎತ್ಕೊಂಡಿರ್ತೀರಾ ದೊಡ್ಡತ್ತೆ?"

ಮಗು ಹೊಸ ಮುಖ ಕಂಡು ಕೈ ಚಾಚಿತು. ಅವಳು ನೋಡಿದಳು. ದುಂಡನೆಯ ಮುಖ, ಅಪ್ಪನದೇ ಹಣೆ.

"ನನ್ನ ಕೈ ನಡುಗುತ್ತೆ ಕಣಮ್ಮ" ಎಂದಳು. "ಬೇರೆ ಯಾರಿಗಾದ್ರೂ ಕೊಡು."

ಆ ಹುಡುಗಿ ಮಗುವನ್ನು ಸೊಂಟದ ಮೇಲೆ ಸರಿಸಿಕೊಂಡು ಮೆಟ್ಟಿಲಿಳಿದಳು. ಅವಳು ಇನ್ನೊಂದು ಕಾಯಿ ತೆಗೆದುಕೊಂಡು ತುದಿ ಮುರಿದು, ನಾರನ್ನು ಎಲ್ಲೂ ತುಂಡಾಗದಂತೆ ಉದ್ದಕ್ಕೆ ಎಳೆದಳು.